ಚಲೋ ಹವೀಜ

ಫೆಬ್ರುವರಿಯ ಒಂದು ಮುಂಜಾನೆ ಹೊಸಪೇಟೆಯಲ್ಲಿ ರೈಲಿನಿಂದ ಇಳಿದಾಗ ನನ್ನ ಚೀಲದಲ್ಲಿದ್ದದ್ದು ಎರಡು ಅಂಗಿ, ಬಾಕಿಯೆಲ್ಲ ಖಾಲಿ ಲಕೋಟೆಗಳು. ಊರೂರಿನ ಕೊತ್ತಂಬರಿ ಬೀಜ ತಂದು ನಮ್ಮ ಕೃಷಿ ಕಾಲೇಜಿನ ತಣ್ಣನೆಯ ಕೋಣೆಯಲ್ಲಿ ಇಡುವುದು ನನ್ನ ಕೆಲಸ. ಈ ಕಡೆ ಅದಕ್ಕೆ ಹವೀಜ ಎನ್ನುತ್ತಾರೆ. ಈಗ ಎಲ್ಲರೂ ಬಿತ್ತುವುದು ಒಂದೆರಡು ತಳಿಗಳನ್ನೇ. ರೋಗ ಬಂದರೆ ಎಲ್ಲ ಗಿಡಗಳೂ ಒಟ್ಟಿಗೇ ಮಲಗುತ್ತವೆ. ಹಳೆಯ ತಳಿಗಳ ನೆನಪಾಗುವುದು ಆಗಲೇ.

ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು ಕಮಲಾಪುರದ ಬಸ್ಸು ಹತ್ತಿದೆ. ಅಲ್ಲಿನ ಅಂಗಡಿಗಳಲ್ಲೆಲ್ಲ ಅದೇ ದುಂಡನೆಯ ದಪ್ಪ ಕಾಳು. ಹಿಡಿ ಹಿಡಿದು ಮೂಸುತ್ತಿದ್ದ ನನಗೆ ಒಬ್ಬ ವ್ಯಾಪಾರಿ, "ವಾಸನಿ ಎಲ್ಲಾ ನೀವ ಎಳಕೊಂಡ್ರ ನಾ ಏನ್ ಮಾರ್ಲಿರಿ?" ಎಂದ. ನಾಚಿಕೆಗೆ ಕಾಲು ಕಿಲೋ ಕೊಂಡೆ. ಹಂಪಿ ಅಲ್ಲೇ ಹತ್ತಿರವಿತ್ತು. ಬಿಸಿಲಿಗೆ ಹೆದರಿ ಹೋಗಲಿಲ್ಲ. ಇದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಮರುದಿನ ಸಂಡೂರು ತಾಲ್ಲೂಕಿನ ವಡ್ಡು. ಬಸ್ಸು ಅದಿರಿನ ಲಾರಿಗಳ ಹಿಂದೆ ತೆವಳಿ ಊರು ಸೇರುವಷ್ಟರಲ್ಲಿ ಬಿಳಿ ಅಂಗಿ ಕೆಂಪಾಗಿತ್ತು. ಈರಣ್ಣ ಎಂಬ ರೈತರು ರೊಟ್ಟಿ, ಪುಂಡಿಪಲ್ಯ ಕೊಟ್ಟು ಉಪಚರಿಸಿದರು. ಅವರು ಹವೀಜ ಬಿತ್ತುವುದನ್ನು ಬಿಟ್ಟು ಬಹಳ ಕಾಲವಾಗಿತ್ತು.

"ನಮ್ಮವ್ವ ಒಂದು ಸಣ್ಣ ಕಾಳು ಇಟ್ಟಿದ್ಲರಿ. ಉದ್ದಕ, ಜೀರಗಿ ಅಣ್ಣನಂಗ. ನೋಡಾಕ ಏನಿಲ್ಲ, ಘಮ ಮಾತ್ರ ಓಣಿ ತುಂಬಾ. ಈಗ ನಮ್ಮಕ್ಕನ ಹತ್ರ ಅಷ್ಟ ಐತಿ, ಎಮ್ಮಿಗನೂರಾಗ."

ನಾನು ಹುಡುಕಿ ಬಂದದ್ದು ಅಂಥದ್ದನ್ನೇ. ಈರಣ್ಣ ಕೂಡಲೇ ಅಕ್ಕನಿಗೆ ಫೋನು ಹಚ್ಚಿದರು. ನಾನೂ ನಡುವೆ ಬಾಯಿ ಹಾಕಿದೆ: "ಚಲೋ ಬೀಜ ತೆಗೆದಿಡಾಕ ಹೇಳ್ರಿ." ಮೈಸೂರಿನವನ ಬಾಯಲ್ಲಿ 'ಚಲೋ' ಬಂತಲ್ಲ ಎಂದು ಒಳಗೊಳಗೇ ಬೀಗಿದೆ.

ಮೂರನೆಯ ದಿನ ಹೊಸಪೇಟೆಯಿಂದ ಕಂಪ್ಲಿ, ಅಲ್ಲಿಂದ ಎಮ್ಮಿಗನೂರಿಗೆ ಇನ್ನೊಂದು ಬಸ್ಸು, ದಾರಿಯುದ್ದಕ್ಕೂ ಭತ್ತ ಮತ್ತು ಕಬ್ಬು. ಈರಣ್ಣನವರ ಅಕ್ಕ ಗೌರಮ್ಮ ಬಾಗಿಲಲ್ಲೇ ನಿಂತಿದ್ದರು.

"ಬರ್ರಿ, ಕುಂದ್ರಿ. ಮೊದ್ಲು ಊಟ, ಆಮ್ಯಾಲ ಹವೀಜ."

ಸಾರಿನ ಮೊದಲ ತುತ್ತಿಗೇ ಮೂಗು ಅರಳಿತು. ಅಂಥ ಸಾರು ನಾನು ಉಂಡಿರಲಿಲ್ಲ. ಎರಡು ಸಲ ಹಾಕಿಸಿಕೊಂಡೆ.

ಊಟವಾದ ಮೇಲೆ ಗಂಟು ಬಂತು. ಬಿಚ್ಚಿದರೆ ದುಂಡನೆಯ ದಪ್ಪ ಕಾಳು, ಒಂದರಂತೆ ಒಂದು.

"ಸಣ್ಣ ಕಾಳು ಎಲ್ಲಿ ಅಮ್ಮಾ?" ಎಂದೆ.

"ಬಂದೋರಿಗೆ ಸಣ್ಣವು ಕೊಡಾದೇನ್ರಿ? ಎರಡು ವರ್ಷದ ಹಿಂದ ಬೀಜ ಕಮ್ಮಿ ಬಿತ್ತು ಅಂತ ಅಂಗಡಿ ದಪ್ಪ ಕಾಳು ಬೆರಸಿ ಬಿತ್ತಿದ್ದೆ. ನೀವು ಚಲೋದ ಬೇಕಂದ್ರಂತ. ನಿನ್ನಿ ಸಂಜಿತನ ಜರಡಿ ಹಿಡದು ದಪ್ಪವು ತೆಗದೀನಿ."

"ಕೆಳಗೆ ಬಿದ್ದದ್ದು?"

"ಮುಂಜಾನಿ ಹುರದು ಸಾರಿನ ಪುಡಿ ಮಾಡಿದೆ. ಈಗ ಉಂಡ್ರಲ್ಲ!"

ನನಗೆ ಬೇಕಾದದ್ದು ಯಾವುದೆಂದು ಬಿಡಿಸಿ ಹೇಳಿದೆ. ಇಬ್ಬರೂ ಡಬ್ಬಿ, ಗಡಿಗೆ, ಒಲೆಯ ಪಕ್ಕವೆಲ್ಲ ತಡಕಾಡಿದೆವು. ಜರಡಿಯ ಅಂಚಿನಲ್ಲಾದರೂ ನಾಲ್ಕು ಕಾಳು ಸಿಕ್ಕಿಕೊಂಡಿರಬಹುದೆಂದು ನೋಡಿದೆ. ಅದನ್ನು ತೊಳೆದು ಬಿಸಿಲಿಗೆ ಇಟ್ಟಿದ್ದರು. ಗೌರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ನಮ್ಮವ್ವನ ಕಾಳು ನಾನ ಹುರದು ಬಿಟ್ನಲ್ರಿ."

"ತಪ್ಪು ನನ್ನದಮ್ಮ" ಎಂದೆ. ಆ ಬೆಳೆಯ ಹೂವಿಗೆ ಜೇನುಹುಳ ಬಂದು ಪರಾಗ ಬೆರೆಸುತ್ತದೆ, ದಪ್ಪ ಕಾಳಿನಲ್ಲೂ ಸಣ್ಣದರ ಗುಣ ಸ್ವಲ್ಪ ಸೇರಿರಬಹುದು ಎಂದು ಸಮಾಧಾನ ಹೇಳಿದೆ. ಬಿತ್ತಿ ನೋಡದೆ ಅದನ್ನು ಯಾರೂ ಹೇಳಲಾರರು. ತಾವೂ ಬಿತ್ತಲೆಂದು ಅವರು ಗಂಟಿನಿಂದ ಅರ್ಧ ವಾಪಸು ತೆಗೆದಿಟ್ಟುಕೊಂಡರು.

ಹೊಸಪೇಟೆಯ ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಬಲಗೈ ಎರಡು ಸಲ ತೊಳೆದಿದ್ದರೂ ಸಾರಿನ ಘಮ ಹೋಗಿರಲಿಲ್ಲ. ಅದು ಅಳಿಸಿ ಹೋದೀತೆಂದು ಊರು ಬರುವವರೆಗೂ ಆ ಕೈಯಲ್ಲಿ ಕಂಬಿ ಹಿಡಿಯಲಿಲ್ಲ.