ಮಲಗಿಸ್ಕೊಂಡು ಬರ್ರಿ

ಆ ಮಾತು ಆಡಿದವಳು ನಾನೇ. ಜೇವರ್ಗಿ ಕಾಲೋನಿಯ ಒಂದು ಆಸ್ಪತ್ರೆಯ ಸ್ಕ್ಯಾನ್ ವಿಭಾಗದಲ್ಲಿ ನರ್ಸಾಗಿದ್ದೇನೆ. ಸ್ಕ್ಯಾನಿನ ಹಿಂದಿನ ದಿನ ಮಕ್ಕಳ ಮನೆಗಳಿಗೆ ಫೋನ್ ಮಾಡಿ ಏನು ಮಾಡಬೇಕು, ಏನು ಮಾಡಬಾರದು ಎಂದು ತಿಳಿಸುವುದೂ ನನ್ನದೇ ಕೆಲಸ. ಅವತ್ತು ಫೋನ್ ಎತ್ತಿದವಳು ಕಮಲಾಪುರದ ಒಬ್ಬ ತಾಯಿ. ಎರಡು ವರ್ಷದ ಮಗಳಿಗೆ ಪದೇಪದೇ ಫಿಟ್ಸ್ ಬರುತ್ತಿತ್ತು, ತಲೆಯ ಎಂಆರ್‌ಐ ಆಗಬೇಕಿತ್ತು. ಯಂತ್ರದೊಳಗೆ ಅರ್ಧ ಗಂಟೆ ಮಿಸುಕಾಡದೆ ಮಲಗಬೇಕು, ಅದಕ್ಕೇ ಸೂಜಿಯಲ್ಲಿ ಮತ್ತಿನ ಔಷಧ. ಆರು ತಾಸು ಮೊದಲು ಹಾಲು ನಿಲ್ಲಿಸಿ ಎಂದಾಗ ಹೂಂ ಎಂದಳು. ಔಷಧದ ಮಾತು ತೆಗೆದ ಕೂಡಲೇ ಗಾಬರಿಬಿದ್ದಳು.

"ಸೂಜಿ ಚುಚ್ಚಲೇಬೇಕೇನ್ರೀ? ಬ್ಯಾರೆ ಏನೂ ಇಲ್ಲೇನ್ರೀ?"

ಐದು ಸಲ ಅದೇ ಪ್ರಶ್ನೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಮೇಲಾಗಿ ಇನ್ನೂ ನಾಲ್ಕು ಮನೆಗೆ ಫೋನ್ ಮಾಡುವುದಿತ್ತು. "ಹಂಗಾದ್ರ ಮಲಗಿಸ್ಕೊಂಡೇ ಬರ್ರಿ, ಸೂಜಿನೇ ಬ್ಯಾಡ!" ಎಂದು ಪಟ್ಟನೆ ಫೋನ್ ಇಟ್ಟುಬಿಟ್ಟೆ.

ಮರುದಿನ ಬೆಳಿಗ್ಗೆ ಆಕೆ ಬಂದಾಗ ಕೂಸು ಹೆಗಲ ಮೇಲೆ ಮಲಗಿತ್ತು. ಬೆಂಚಿನ ಮೇಲೆ ಕೂತಿದ್ದವರು, "ಎಂಥಾ ಶಾಣ್ಯಾ ಕೂಸದ ನೋಡ್ರಿ" ಎಂದು ಹೊಗಳಿದರು. ಪಕ್ಕದಲ್ಲೇ ಇನ್ನೊಂದು ಮಗು ಕಿರುಚುತ್ತಿತ್ತು. ಇದರ ರೆಪ್ಪೆ ಸಹ ಅಲುಗಲಿಲ್ಲ. ತೂಕ ನೋಡಲು ಎತ್ತಿಕೊಂಡರೆ ಕತ್ತು ಒದ್ದೆ ಬಟ್ಟೆಯ ಹಾಗೆ ಹಿಂದಕ್ಕೆ ಜೋತುಬಿತ್ತು. ಅಂಗಾಲನ್ನು ಜೋರಾಗಿ ಚಿವುಟಿದೆ. ಅಳಲಿಲ್ಲ.

"ಏನು ಕುಡಿಸೀರಿ ಇದಕ್ಕ?"

"ಏನಿಲ್ರೀ."

"ಖರೇ ಹೇಳ್ರಿ!" ಎಂದು ಚೀರಿದೆ.

"ನೆಗಡಿ ಔಷಧ ರೀ... ಅದು ಕುಡದ್ರ ಛಲೋ ಮಲಗ್ತಾಳ. ಮನ್ಯಾಗ ಎರಡು ಮುಚ್ಚಳ ಹಾಕಿದೆ. ಬಸ್ಸಿನ್ಯಾಗ ಕಣ್ಣು ತೆರದ್ಲು, ಮತ್ತ ಎರಡು ಹಾಕಿದೆ."

ಅಷ್ಟರಲ್ಲಿ ಅರಿವಳಿಕೆ ಡಾಕ್ಟರು ಸಿರಿಂಜಿಗೆ ಔಷಧ ಎಳೆದುಕೊಂಡಿದ್ದರು. "ಹಾಕಬ್ಯಾಡ್ರಿ ಸರ್!" ಎಂದು ಓಡಿಹೋಗಿ ಅವರ ಕೈ ಹಿಡಿದೆ. ಕೂಸಿನ ಬೆರಳಿಗೆ ಕ್ಲಿಪ್ಪು ಸಿಕ್ಕಿಸಿದರೆ ಆಕ್ಸಿಜನ್ನಿನ ಅಂಕಿ ಇಳಿಯುತ್ತಲೇ ಇತ್ತು. ತುಟಿ ನೀಲಿಗಟ್ಟಿತ್ತು. ಡಾಕ್ಟರು ದವಡೆ ಎತ್ತಿ ಹಿಡಿದು ಮಾಸ್ಕ್ ಒತ್ತಿದರು. ಪುಟ್ಟ ಎದೆ ಏರುವುದು, ನಿಲ್ಲುವುದು. ನಿಂತಾಗೆಲ್ಲ ನಾನೂ ಉಸಿರಾಡಲಿಲ್ಲ. ಏಳವ್ವಾ, ಒಂದು ಸಲ ಅಳು ನನ್ನವ್ವಾ, ಎಂದು ಒಳಗೊಳಗೇ ಬೇಡಿಕೊಂಡೆ. ಎರಡು ತಾಸಿನ ಮೇಲೆ ಅದು ಸಣ್ಣಗೆ ಅತ್ತಿತು.

ಆಗ ಡಾಕ್ಟರು ತಾಯಿಯ ಕಡೆ ತಿರುಗಿದರು. "ಮಗಳ್ನ ಕೊಂದೇ ಬಿಡ್ತಿದ್ದೆಲ್ಲವ್ವಾ! ಯಾರು ಹೇಳಿದ್ರು ನಿನಗ?"

"ಫೋನಿನ್ಯಾಗ ಯಾರೋ ಸಿಸ್ಟರ್ ಹೇಳಿದ್ರು ರೀ."

"ಸುಳ್ಳು ಬ್ಯಾರೆ!" ಎಂದು ಬೈದು ಹೊರಟುಹೋದರು. ನಾನು ಅಲ್ಲೇ ನಿಂತಿದ್ದೆ, ತುಟಿ ಬಿಚ್ಚಲಿಲ್ಲ. ನಾಚಿಕೆಗೇಡು ನನ್ನ ಬಾಳು.

ಸಂಜೆಯವರೆಗೆ ಕೂಸನ್ನು ವಾರ್ಡಿನಲ್ಲಿಟ್ಟು ನೋಡಿ, ಸ್ಕ್ಯಾನನ್ನು ಮುಂದಿನ ವಾರಕ್ಕೆ ಹಾಕಿ ಮನೆಗೆ ಕಳಿಸಿದರು. ಹೊರಡುವಾಗ ಆಕೆ ನನ್ನ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು.

"ನೀವು ಇದ್ದಿದ್ದಕ್ಕ ಉಳೀತ್ರೀ ಅಕ್ಕಾ. ಫೋನಿನ್ಯಾಗ ಹಂಗ ಹೇಳಿದಾಕಿ ಯಾರಿದ್ದಾಳೋ ಏನೋ."

ಇನ್ನು ತಡೆಯಲಾಗಲಿಲ್ಲ. "ಆಕಿ ನಾನೇ, ತಂಗಿ," ಎಂದೆ.

ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಆಕೆ ನನ್ನ ಕೈ ಬಿಟ್ಟು, ಸೆರಗು ಎಳೆದು, ನನ್ನ ಕಣ್ಣು ಬೀಳದ ಹಾಗೆ ಕೂಸಿನ ಮುಖ ಮುಚ್ಚಿಕೊಂಡಳು.