ನಾನು ಕೊಡದ ವೀಳ್ಯ

ಪಂಚಾಯಿತಿ ಚುನಾವಣೆಗೆ ನಾನು ನಿಂತದ್ದು ಒಂದು ಬಾವಿಗಾಗಿ. ಹಾಗೆಂದು ನೆನಪಿಟ್ಟುಕೊಂಡಿದ್ದೇನೆ. ಧಾರವಾಡದಲ್ಲಿ ಎಂ.ಎ. ಮುಗಿಸಿ ಬಂದು ಕೆಲಸವಿಲ್ಲದೆ ಕೂತಿದ್ದವನ ಚಡಪಡಿಕೆ ಅದರಲ್ಲಿ ಎಷ್ಟಿತ್ತೋ, ಹೇಳಲಾರೆ. ಕೆನಾಲಿನ ನೀರು ಸಿಂಧನೂರಿನ ಕಡೆ ಹರಿದು ಅಲ್ಲಿ ಭತ್ತ ಬೆಳೆಯುತ್ತಿದ್ದ ವರ್ಷಗಳವು. ಪಾಮನಕಲ್ಲೂರಿನ ಆಚೆಯ ನಮ್ಮ ಎತ್ತರದ ನೆಲಕ್ಕೆ ಅದು ಏರಿ ಬರುವಂತಿರಲಿಲ್ಲ. ಕೆಳಗಿನ ಓಣಿಯ ಹೆಂಗಸರು ಹಳ್ಳದ ಮರಳಿನಲ್ಲಿ ವರತಿ ತೋಡಿ, ಬಟ್ಟಲಿನಿಂದ ಗೋರಿ ಗೋರಿ ಕೊಡ ತುಂಬಿಸುತ್ತಿದ್ದರು. ನಮ್ಮ ವಾರ್ಡಿಗೆ ಒಂದು ಬಾವಿ ಮಂಜೂರಾಗಿತ್ತು. ಅದನ್ನು ಎಲ್ಲಿ ತೋಡಬೇಕೆಂಬುದು ಗೆದ್ದವನ ಕೈಯಲ್ಲಿತ್ತು. ನನ್ನ ಎದುರು ನಿಂತವರು ಮೇಲಿನ ಓಣಿಯ ಕಿರಾಣಿ ಅಂಗಡಿಯ ಸಾಹುಕಾರರು.

ಅವರು ಭಾಷಣ ಮಾಡಲಿಲ್ಲ. ಮನೆಮನೆಗೆ ಹೋಗಿ ಎರಡು ಎಲೆ, ಒಂದು ಅಡಿಕೆ ಕೈಗಿಟ್ಟು ಬಂದರು. ನಮ್ಮಲ್ಲಿ ಮದುವೆಯ ಮಾತಾಗಲಿ, ಆಳು ಗೊತ್ತುಮಾಡುವ ಮಾತಾಗಲಿ, ವೀಳ್ಯ ಹಿಡಿದ ಮೇಲೆ ಮುಗಿಯಿತು, ತಪ್ಪುವಂತಿಲ್ಲ. ನಾನು ಲಿಂಗಸುಗೂರಿನಲ್ಲಿ ಕರಪತ್ರ ಅಚ್ಚು ಹಾಕಿಸಿ ಹಂಚಿದೆ. ಕೆಳಗಿನ ಓಣಿಯಲ್ಲಿ ಅದನ್ನು ಓದಬಲ್ಲವರಿಲ್ಲವೆಂದು ಗೊತ್ತಿತ್ತು. ಆದರೂ ಹಂಚಿದೆ.

ಮತದಾನದ ಹಿಂದಿನ ದಿನ ಕೆಳಗಿನ ಓಣಿಯ ಕುರಿ ಕಾಯುವವರ ಮನೆಯ ಮುದುಕಿ, ನಾನು ದೊಡ್ಡವ್ವ ಎಂದೇ ಕರೆಯುತ್ತಿದ್ದವಳು, ನಮ್ಮ ಕಟ್ಟೆಗೆ ಬಂದಳು. ಅವಳ ಬಸುರಿ ಸೊಸೆ ಹಳ್ಳದ ದಂಡೆಯಲ್ಲಿ ಕೊಡದ ಸಮೇತ ಬಿದ್ದು ಹಾಸಿಗೆ ಹಿಡಿದಿದ್ದಳು.

“ತಮ್ಮಾ, ನಮ್ಮನಿಗೆ ಬಂದಿ, ನೀರು ಕುಡದಿ, ಕಾಗದ ಕೊಟ್ಟಿ. ಓಟು ಕೇಳಲೇ ಇಲ್ಲಲ್ಲೋ!”

“ಕೇಳೀನಲ್ಲ ದೊಡ್ಡವ್ವ. ಅದರಾಗ ಬರದೈತಿ.”

“ಅದನ್ನ ಆಡು ತಿಂದೈತಿ. ನಮ್ಮನ್ಯಾಗ ಓದಿದ್ದು ಅದೊಂದ ನೋಡು.”

ಸೊಂಟದ ಸಂಚಿ ಬಿಚ್ಚಿ, ಎಲೆ ಅಡಿಕೆ ತೆಗೆದು ನನ್ನ ಮುಂದೆ ಹಿಡಿದಳು. “ಸಾಹುಕಾರಂದು ಹಿಡದು ಕುಂತೀವಿ. ನಿಂದೂ ಹಿಡದ್ವಿ ಅಂದ್ರ ಇಬ್ಬರದೂ ಸಮ ಆಗತೈತಿ, ಆಮ್ಯಾಲ ನಮ್ಮ ಮನಸ್ಸು. ತಗೋ, ಇದನ್ನ ನನಗ ತಿರುಗಿ ಕೊಡು. ಓಣಿಗೆಲ್ಲ ನಾ ಹೇಳತೀನಿ.”

“ಓಟು ಗುಟ್ಟಿಂದು ದೊಡ್ಡವ್ವ. ಯಾರಿಗೆ ಹಾಕಿದಿ ಅಂತ ಯಾರಿಗೂ ಗೊತ್ತಾಗಂಗಿಲ್ಲ.”

“ಮಂದಿಗೆ ಗುಟ್ಟು. ಎಲಿ ಹಿಡದ ಕೈ ನಂದಲ್ಲೇನೋ?”

ನಾನು ಮುಟ್ಟಲಿಲ್ಲ. ಸಾಹುಕಾರರ ದಾರಿಯನ್ನೇ ನಾನೂ ಹಿಡಿದರೆ ನನಗೂ ಅವರಿಗೂ ಏನು ವ್ಯತ್ಯಾಸವೆಂದು ಮೆಲ್ಲಗೆ ತಿಳಿಸಿ ಹೇಳಿ ಕಳಿಸಿದೆ. ನನ್ನ ನೆನಪು ಹೀಗಿದೆ. ಆಗ ಒಳಗೆ ರೊಟ್ಟಿ ಬಡಿಯುತ್ತಿದ್ದ ಅಕ್ಕ ಮಾತ್ರ ಬೇರೆ ಹೇಳುತ್ತಾಳೆ: “ನೀ ನಕ್ಕಿ. ಆಕಿ ಕೈ ಚಾಚಿ ನಿಂತಿದ್ಲು, ನೀ ನಕ್ಕಿ.” ನಕ್ಕಿರಬಹುದು. ಆ ವಯಸ್ಸಿನಲ್ಲಿ ನನಗೆ ಅರ್ಥವಾಗದ್ದಕ್ಕೆಲ್ಲ ನಗುವ ಚಟವಿತ್ತು.

ಕೆಳಗಿನ ಓಣಿ ಮಾತಿಗೆ ತಪ್ಪಲಿಲ್ಲ. ಸಾಲಿನಲ್ಲಿ ನಿಂತು, ಹಿಡಿದ ವೀಳ್ಯಕ್ಕೆ ಓಟು ಹಾಕಿತು. ಬಾವಿ ಸಾಹುಕಾರರ ದನದ ಕೊಟ್ಟಿಗೆಯ ಪಕ್ಕ ಬಂತು. ಅವರ ಆಳುಗಳನ್ನು ಕೇಳಿಕೊಂಡು ಕಾಯುವುದಕ್ಕಿಂತ ಹಳ್ಳವೇ ವಾಸಿ ಎಂದು ಹೆಂಗಸರು ಮತ್ತೆ ಮರಳಿಗೇ ಹೋದರು.

ಸೊಸೆಯ ಕೊಡವನ್ನು ದೊಡ್ಡವ್ವ ಹೊರತೊಡಗಿದಳು. ದಾರಿ ನಮ್ಮ ಕಟ್ಟೆಯ ಮುಂದೆಯೇ. ತಲೆಯ ಮೇಲಿನ ಭಾರಕ್ಕೆ ಅವಳು ನನ್ನತ್ತ ಮುಖ ತಿರುಗಿಸಲಾರಳೆಂದು ಅಂದುಕೊಳ್ಳುತ್ತಿದ್ದೆ. ಬರಿಗೊಡ ಹಿಡಿದು ಹಳ್ಳಕ್ಕೆ ಹೋಗುವಾಗಲೂ ತಿರುಗಿಸುತ್ತಿರಲಿಲ್ಲ.