ಗೋಡೆಯ ಹಿಂದೆ ನಿಲ್ಲದ ಜೋಸೆಫ್

ನಿವೃತ್ತಿಗೆ ಇನ್ನೂ ಎರಡು ವರ್ಷವಿತ್ತು. ನಾನಾಗ ಕೊಯಮತ್ತೂರಿನ ಬಾಂಬ್ ನಿಷ್ಕ್ರಿಯ ದಳದಲ್ಲಿ ಇನ್‌ಸ್ಪೆಕ್ಟರ್. ಆಫ್ರಿಕಾದ ಒಂದು ಸಣ್ಣ ದೇಶದಿಂದ ಆರು ಮಂದಿ ಪೊಲೀಸರು ನಾಲ್ಕು ವಾರದ ತರಬೇತಿಗೆ ಬರುತ್ತಾರೆ, ಕಲಿಸುವವರು ನೀವೇ ಎಂದು ಮೇಲಿನಿಂದ ಆದೇಶ ಬಂತು. ಅವರ ದೇಶದ ಸಂತೆಗಳಲ್ಲಿ, ಬಸ್ ನಿಲ್ದಾಣಗಳಲ್ಲಿ ಭಯೋತ್ಪಾದಕರು ಚೀಲದೊಳಗೆ ಬಾಂಬ್ ಇಟ್ಟು ಹೋಗುತ್ತಿದ್ದ ಕಾಲ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಇಂಗ್ಲಿಷ್ ಏನಿದ್ದರೂ ರಿಪೋರ್ಟು ಬರೆಯುವುದಕ್ಕೆ. ಆದರೂ ಒಪ್ಪಿಕೊಂಡೆ.

ಬಂದವರಲ್ಲಿ ಹಿರಿಯರು ಒಬ್ಬ ಚೀಫ್ ಇನ್‌ಸ್ಪೆಕ್ಟರ್. ತಲೆ ಪೂರ್ತಿ ನರೆತಿತ್ತು, ಎಲ್ಲರಿಗೂ ಅವರು 'ಚೀಫ್'. ಅವರ ತಂಡದಲ್ಲೇ ದುಡಿಯುತ್ತಿದ್ದ ಸಾರ್ಜೆಂಟ್ ಜೋಸೆಫ್‌ಗೆ ಮೂವತ್ತು ದಾಟಿತ್ತು. ಉಕ್ಕಡಂ ಮೀನು ಮಾರುಕಟ್ಟೆಗೆ ಕರೆದೊಯ್ದು, ಈ ಗದ್ದಲದಲ್ಲಿ ಯಾರಿಗೂ ಸೇರದ ಚೀಲ ಯಾವುದು ಎಂದು ಕೇಳಿದರೆ ಮೊದಲು ಬೆರಳು ತೋರಿಸುತ್ತಿದ್ದವನು ಅವನೇ.

ನಮ್ಮ ಕೆಲಸದ ಮೊದಲ ಪಾಠಕ್ಕೆ 'ಒನ್ ಮ್ಯಾನ್ ರಿಸ್ಕ್' ಎನ್ನುತ್ತೇವೆ. ಅನುಮಾನದ ವಸ್ತುವಿನ ಬಳಿ ಹೋಗುವವನು ಒಬ್ಬನೇ. ಜೊತೆಗಾರ ದೂರದ ಗೋಡೆಯ ಹಿಂದೆ ನಿಂತು ವಾಕಿಟಾಕಿಯಲ್ಲಿ ಮಾತಾಡುತ್ತಿರಬೇಕು. ಹೋದರೆ ಒಂದು ಜೀವ ಹೋಗಲಿ, ಎರಡು ಬೇಡ ಎಂಬ ಕಲ್ಲೆದೆಯ ನಿಯಮ ಅದು.

ಕುರಿಚಿಯಲ್ಲಿ ಮುಚ್ಚಿಹೋಗಿದ್ದ ಫೌಂಡ್ರಿಯ ಶೆಡ್ಡಿನಲ್ಲಿ ಅಭ್ಯಾಸ ನಡೆಯುತ್ತಿತ್ತು. ಚೀಫ್ ನಕಲಿ ಬಾಂಬಿನ ಕಡೆ ಹೆಜ್ಜೆ ಇಟ್ಟರೆ ಸಾಕು, ಜೋಸೆಫ್ ಗೋಡೆ ಬಿಟ್ಟು ಅವರ ಹಿಂದೆಯೇ ಹೊರಡುತ್ತಿದ್ದ. ಮೂರನೆಯ ಸಲವೂ ಹಾಗೇ ಆದಾಗ ಎಲ್ಲರ ಮುಂದೆ ಬೈದುಬಿಟ್ಟೆ.

"ಸರ್, ಅವರು ನನ್ನ ತಂದೆಯ ವಯಸ್ಸಿನವರು. ಹಿರಿಯರನ್ನು ಒಬ್ಬರನ್ನೇ ಮುಂದೆ ಕಳಿಸಿ ನಾನು ಅಡಗಿ ಕೂತರೆ ಊರಿನಲ್ಲಿ ಹೇಗೆ ಮುಖ ತೋರಿಸಲಿ?" ಎಂದ.

"ಇಬ್ಬರೂ ಸತ್ತರೆ ಯಾರ ಮುಖ ಯಾರು ನೋಡುತ್ತಾರೆ?" ಎಂದೆ.

ಮೂರನೆಯ ಭಾನುವಾರ ಆರೂ ಜನರನ್ನು ಕುನ್ನತ್ತೂರಿನ ಆಚೆ ಇರುವ ನಮ್ಮ ನೇಕಾರರ ಬೀದಿಗೆ ಊಟಕ್ಕೆ ಕರೆದೊಯ್ದೆ. ಆ ಬೆಳಗ್ಗೆ ಬೀದಿಯಲ್ಲಿ ಪಾವು ಎಳೆಯುತ್ತಿದ್ದರು. ಪಾವು ಎಂದರೆ ಮಗ್ಗಕ್ಕೆ ಏರಿಸುವ ಉದ್ದನೆಯ ನೂಲು. ಅದನ್ನು ಬೀದಿಯುದ್ದಕ್ಕೂ ಹರಡಿ, ಗಂಜಿ ಹಚ್ಚಿ ಒಣಗಿಸಬೇಕು. ಹಿರಿಯರು ಒಂದು ತುದಿ ಎತ್ತಿದರೆ ಕಿರಿಯರು ಕರೆಸಿಕೊಳ್ಳದೆ ಬಂದು ಇನ್ನೊಂದು ತುದಿ ಹಿಡಿಯುವುದು ನಮ್ಮಲ್ಲಿ ರೂಢಿ. ಎಂಬತ್ತರ ನನ್ನ ಸೋದರಮಾವ ಒಂದು ತುದಿ ಎತ್ತಿದರು. ವ್ಯಾನಿನಿಂದ ಆಗಷ್ಟೇ ಇಳಿದಿದ್ದ ಜೋಸೆಫ್ ಓಡಿ ಹೋಗಿ ಇನ್ನೊಂದು ತುದಿ ಹಿಡಿದುಕೊಂಡ.

ಅಮ್ಮ ಹಿಗ್ಗಿ ಹೋದಳು. ಅವಳಿಗೆ ನಾನು ಯಾವಾಗಲೂ 'ಸಾಮಿ'. "ಯಾರೂ ಕರೀಲಿಲ್ಲ, ತಾನಾಗೇ ಬಂದು ಹಿಡ್ಕೊಂಡ ನೋಡು ಸಾಮಿ. ನಲ್ಲ ತಾಯಿ ಸಾಕಿದ ಪಿಳ್ಳೆ ಇದು!" ಒಳ್ಳೆಯ ತಾಯಿ ಬೆಳೆಸಿದ ಮಗು ಎಂದು ಅವಳ ತಮಿಳು ಬೆರೆತ ಹೊಗಳಿಕೆ.

ನನ್ನ ಮನಸ್ಸು ಕರಗಿದ್ದು ಅಲ್ಲೇ. ನಾನು ಬೈದಿದ್ದ ತಪ್ಪೇ ನನ್ನ ಬೀದಿಯಲ್ಲಿ ಮರ್ಯಾದೆಯಾಗಿ ನಿಂತಿತ್ತು.

ಕೊನೆಯ ಪರೀಕ್ಷೆಯಲ್ಲಿ ಫೇಲಾದವರನ್ನು ಅವರ ಇಲಾಖೆ ದಳದಿಂದ ತೆಗೆದು ಟ್ರಾಫಿಕ್‌ಗೆ ಹಾಕುತ್ತಿತ್ತು. ಜೋಸೆಫ್‌ಗೆ ಆ ಅವಮಾನ ಆಗುವುದು ಬೇಡ ಎನಿಸಿತು ನನಗೆ. ಅವನ ಜೋಡಿಯಾಗಿ ಚೀಫ್ ಬದಲು ಆ ಆರು ಮಂದಿಯಲ್ಲೇ ಅವನಿಗಿಂತ ಕಿರಿಯನಾದ ಕಾನ್‌ಸ್ಟೇಬಲ್‌ನನ್ನು ಹಾಕಿದೆ. ಕಿರಿಯವ ಚೀಲದ ಕಡೆ ನಡೆದ, ಜೋಸೆಫ್ ಗೋಡೆಯ ಹಿಂದೆ ಅಲುಗಾಡದೆ ನಿಂತ. ಪಾಸು ಎಂದು ಸಹಿ ಹಾಕಿದೆ. ಮಾಡುತ್ತಿರುವುದು ಸರಿಯಲ್ಲ ಎಂದು ಗೊತ್ತಿತ್ತು, ಸುಳ್ಳು ಹೇಳುವುದಿಲ್ಲ.

ಎಂಟು ತಿಂಗಳ ಮೇಲೆ ಆ ಕಾನ್‌ಸ್ಟೇಬಲ್ ಇಮೇಲ್ ಕಳಿಸಿದ. ಅವರ ಊರಿನ ಸಂತೆಯಲ್ಲಿ ಒಂದು ಚೀಲ ಸಿಕ್ಕಿತ್ತು. ಚೀಫ್ ಅದರ ಬಳಿಗೆ ನಡೆದರು. ಅಲ್ಲೂ ಗೋಡೆಯಿತ್ತು, ವಾಕಿಟಾಕಿಯೂ ಇತ್ತು. ಜೋಸೆಫ್ ಚೀಫ್ ಪಕ್ಕದಲ್ಲೇ ನಿಂತಿದ್ದ. ಬಾಂಬ್ ಸಿಡಿದು ಇಬ್ಬರೂ ಸತ್ತರು. ಜೋಸೆಫ್‌ಗೆ ಶೌರ್ಯ ಪದಕ ಕೊಟ್ಟರಂತೆ. ಕಚೇರಿಯಲ್ಲಿ ಎಲ್ಲರೂ ನೋಡುತ್ತಿದ್ದಾರೆ ಎನ್ನುವುದನ್ನೂ ಮರೆತು ಅತ್ತೆ.

ಅಮ್ಮನಿಗೆ ಹೇಳಲು ವಾರ ಹಿಡಿಯಿತು.

"ಅಲ್ಲಿ ದೊಡ್ಡೋರ್ನ ಒಂಟಿಯಾಗಿ ಬಿಡ್ಬೇಕು ಅಂತ ನೀನು ಹೇಳ್ಕೊಡ್ಲಿಲ್ವಾ ಸಾಮಿ?"

"ಹೇಳ್ಕೊಟ್ಟೆ ಅಮ್ಮ. ಕಲ್ತ್ಕೊಂಡ್ನಾ ಅಂತ ನೋಡ್ಲಿಲ್ಲ."

ಕಲಿಯುವವನು ಎಲ್ಲಿ ಎಡವುತ್ತಾನೋ ಅಲ್ಲೇ ಪರೀಕ್ಷೆ ಇಡಬೇಕು. ಈ ಕೆಲಸ ನನಗೆ ಕಲಿಸಿದ್ದು ಅಷ್ಟೇ. ಕಲಿಸುವುದಕ್ಕೆ ಅದು ಜೋಸೆಫ್‌ನ ಜೀವ ತೆಗೆದುಕೊಂಡಿತು.

ನಿವೃತ್ತಿಗೆ ಮೊದಲು ಇನ್ನೂ ಎರಡು ತಂಡಗಳು ಬಂದವು. ಅವರ ಪರೀಕ್ಷೆಗಳಲ್ಲಿ ಜೋಡಿಯ ಹಿರಿಯ ನಾನೇ. ನರೆತ ತಲೆ ಎಲ್ಲರಿಗೂ ಕಾಣಲೆಂದು ಟೋಪಿ ತೆಗೆದಿಟ್ಟು ಚೀಲದ ಕಡೆ ಒಬ್ಬನೇ ನಡೆಯುತ್ತಿದ್ದೆ, ಹಿಂದಿನಿಂದ ಹೆಜ್ಜೆ ಸದ್ದು ಕೇಳದಿರಲಿ ಎಂದು ಬೇಡಿಕೊಳ್ಳುತ್ತ.